ಫ್ಲೆಕ್ಸ್ ಇಳಿಸಿ ಸುದ್ದಿಯ ವೇಷ ತೊಟ್ಟವರು
ಬೆಂಗಳೂರಿನ ಹೊರಮಾವಿನಂಥ ಕಡೆ ಹೊಸದಾಗಿ ಅಂಗಡಿ ತೆರೆದವರಿಗೂ ವಾರ್ಡಿಗೆ ನಿಲ್ಲುವ ಆಸೆ ಇಟ್ಟುಕೊಂಡವರಿಗೂ ಪ್ರಚಾರವೆಂದರೆ ಬಹುಕಾಲ ಫ್ಲೆಕ್ಸ್ ಒಂದೇ ಆಗಿತ್ತು. ಮೇಲೆ ದೊಡ್ಡ ಮುಖ, ಕೆಳಗೆ ಅಂಚೆಚೀಟಿ ಗಾತ್ರದ ಮುಖಗಳ ಸಾಲು, ನಡುವೆ ಹಬ್ಬದ ಹಾರ್ದಿಕ ಶುಭಾಶಯ. ಬಯಲು ಸ್ಥಳಗಳನ್ನು ವಿರೂಪಗೊಳಿಸಿದವರಿಗೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಎನ್ನುವ ಕರ್ನಾಟಕದ ಕಾನೂನು 1981ರದು. ಅದು ಇದೆಯೆಂದು ನಗರಕ್ಕೆ ನೆನಪಾದದ್ದು 2018ರ ಆಗಸ್ಟಿನಲ್ಲಿ, ಹೈಕೋರ್ಟ್ ಗದರಿಸಿ ಫ್ಲೆಕ್ಸ್ ತೆರವು ಮಾಡಿಸಿದಾಗ. ಫ್ಲೆಕ್ಸ್ ಪೂರ್ತಿ ಹೋಗಲಿಲ್ಲ. ಆದರೆ ಅದರ ಒಂದು ಪಾಲು ಬಡಾವಣೆಯ ಸುದ್ದಿತಾಣ, ಯೂಟ್ಯೂಬ್ ಚಾನೆಲ್, ಫೇಸ್‌ಬುಕ್ ಪುಟಗಳಿಗೆ ಗುಳೆ ಹೋಯಿತು. ಹಾಗೆ ಹೋದದ್ದರಲ್ಲಿ ತಪ್ಪೇನೂ ಇಲ್ಲ. ತನ್ನ ಕಸುಬು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಬಯಸುವುದು ಸಹಜ. ತಕರಾರು ಇರುವುದು ಅಲ್ಲಿ ಪ್ರಚಾರ ಸುದ್ದಿಯ ವೇಷ ತೊಡುವುದರ ಬಗ್ಗೆ. ನೀತಿಯ ಮಾತು ಒತ್ತಟ್ಟಿಗಿರಲಿ, ವೇಷ ತೊಟ್ಟವರಿಗೇ ಅದರಿಂದ ನಷ್ಟ.

ಹೊರಮಾವು ಎಂಥ ಊರು ಎಂಬುದನ್ನು ಮೊದಲು ನೋಡಬೇಕು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಮಿಕ್ಕ ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಕಟ್ಟಿದಾಗ ನಗರದ ಲೆಕ್ಕಕ್ಕೆ ಬಂದ ಪೂರ್ವದಂಚಿನ ಪ್ರದೇಶ ಇದು. 2015ರ ಆಗಸ್ಟಿನಲ್ಲಿ ಆರಿಸಿ ಬಂದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಎಂಬುವವರೇ ಇಲ್ಲದೆ ವಾರ್ಡುಗಳು ನಡೆದವು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಖಾತೆಗೆ ಯಾವ ಕಚೇರಿ, ಚರಂಡಿ ಕಟ್ಟಿದರೆ ಯಾವ ಎಂಜಿನಿಯರು ಎಂಬುದು ಇಲ್ಲಿ ಮನೆಮನೆಯ ಪ್ರಶ್ನೆ. ಅದೇ ವರ್ಷದ ಮೇ ತಿಂಗಳ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಮುಳುಗಿದಾಗ ಅಲ್ಲಿಯವರಿಗೆ ಬೇಕಾಗಿದ್ದದ್ದು ರಾಜ್ಯದ ರಾಜಕಾರಣವಲ್ಲ. ರಾಜಕಾಲುವೆಯ ನೀರು ರೈಲ್ವೆ ಹಳಿಯಡಿಯ ಕಿಂಡಿಯಲ್ಲಿ ಯಾಕೆ ಸಿಕ್ಕಿಕೊಳ್ಳುತ್ತದೆ, ನೀರಿಳಿದ ಮನೆಯಲ್ಲಿ ಮೇನ್ ಸ್ವಿಚ್ ಯಾವಾಗ ಹಾಕಬಹುದು, ಸಂಪು ತೊಳೆಯುವುದು ಹೇಗೆ ಎಂಬ ಮಾಹಿತಿ. ಇವಕ್ಕೆಲ್ಲ ಉತ್ತರ ಗೊತ್ತಿರುವವರು ಅದೇ ಬೀದಿಯಲ್ಲಿ ಅಂಗಡಿ ಇಟ್ಟ ಎಲೆಕ್ಟ್ರಿಷಿಯನ್, ಪ್ಲಂಬರ್, ಮನೆಯಲ್ಲಿರುವ ನಿವೃತ್ತ ಎಂಜಿನಿಯರ್. ಆ ಎಲೆಕ್ಟ್ರಿಷಿಯನ್ ಇನ್ನೂರು ಪದಗಳಲ್ಲಿ ಉತ್ತರ ಬರೆದು, ಕೆಳಗೆ ತನ್ನ ಹೆಸರು, ಅಂಗಡಿಯ ವಿಳಾಸ ಹಾಕಿದರೆ ಅದಕ್ಕಿಂತ ದೊಡ್ಡ ಪ್ರಚಾರ ಬೇಕಿಲ್ಲ. 2008ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಿಟಿಜನ್ ಮ್ಯಾಟರ್ಸ್ ಸುದ್ದಿತಾಣ ನಿವಾಸಿಗಳಿಂದಲೇ ಬರೆಸುತ್ತ ಬಂದಿದೆ. ಬೀದಿಯ ಜ್ಞಾನಕ್ಕೆ ಓದುಗರಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ.

ತಿಳಿದದ್ದನ್ನು ಹೆಸರು ಹಾಕಿ ಬರೆಯುವ ಈ ದಾರಿಯನ್ನು ನಮ್ಮ ನಿಯಮಗಳೂ ಒಪ್ಪಿವೆ ಎಂಬುದು ಅನೇಕರಿಗೆ ತಿಳಿದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡಾವಳಿ ನಿಯಮಗಳ ಪ್ರಕಾರ ವೈದ್ಯರು ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವಂತಿಲ್ಲ. ಕ್ಲಿನಿಕ್ ಆರಂಭಿಸಿದ್ದು, ವಿಳಾಸ ಬದಲಾದದ್ದು ಇಂಥವನ್ನು ಪತ್ರಿಕೆಯಲ್ಲಿ ತಿಳಿಸಬಹುದು. ಸಾರ್ವಜನಿಕ ಆರೋಗ್ಯದ ಬಗ್ಗೆ ತಮ್ಮ ಹೆಸರಿನಲ್ಲೇ ಬರೆಯಬಹುದು. ಬರಹ ತಮ್ಮ ಕ್ಲಿನಿಕ್ಕಿಗೆ ಗಿರಾಕಿ ಹುಡುಕುವಂತಿರಬಾರದು, ಅಷ್ಟೇ. ವಕೀಲರಿಗೂ ಬಾರ್ ಕೌನ್ಸಿಲ್ ಇಂಥದೇ ಗೆರೆ ಎಳೆದಿದೆ. ಸೈಟು, ಅಪಾರ್ಟ್‌ಮೆಂಟು ಮಾರುವವರ ಮಾತು ಬೇರೆ. ಅವರು ಜಾಹೀರಾತು ಕೊಡಬಹುದು, ಆದರೆ ರೇರಾ ಕಾಯ್ದೆಯಡಿ ನೋಂದಾಯಿಸಬೇಕಾದ ಯೋಜನೆಯಾದರೆ ನೋಂದಣಿ ಸಂಖ್ಯೆ ಅದರಲ್ಲಿರಲೇಬೇಕು. “ಹೊರಮಾವಿನಲ್ಲಿ ಏರುತ್ತಿದೆ ಜಾಗದ ಬೆಲೆ” ಎಂಬ ತಲೆಬರಹದಡಿ ಒಂದೇ ಬಡಾವಣೆಯನ್ನು ಹೊಗಳುವ ‘ವರದಿ’ ಈ ಸಂಖ್ಯೆಯಿಂದ ತಪ್ಪಿಸಿಕೊಳ್ಳುವ ಉಪಾಯವೂ ಆಗಬಲ್ಲದು.

ವೇಷದ ಕಥೆ ಹೊಸದಲ್ಲ. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ ಕಾಸಿಗಾಗಿ ಸುದ್ದಿ ಎಷ್ಟು ಬೆಳೆದಿತ್ತೆಂದರೆ ಪತ್ರಿಕಾ ಮಂಡಳಿ ಇಬ್ಬರು ಸದಸ್ಯರ ಉಪಸಮಿತಿಯಿಂದ ವರದಿ ಬರೆಸಿತು, ಬರೆಸಿಯೂ 2010ರಲ್ಲಿ ಅದನ್ನು ಪೂರ್ತಿ ಹೊರಬಿಡಲಿಲ್ಲ! ಮರುವರ್ಷ ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲಷ್ಟೇ ಅದು ಜನರಿಗೆ ಸಿಕ್ಕಿತು. ದೊಡ್ಡ ಪತ್ರಿಕೆಗಳಲ್ಲಿ ಆ ಆಟ ಒಂದಷ್ಟು ಕಾಲ ನಡೆಯುತ್ತದೆ, ಏಕೆಂದರೆ ಬೀದರಿನ ಓದುಗರು ಬೆಂಗಳೂರಿಗೆ ಬಂದು ಪರೀಕ್ಷಿಸುವುದಿಲ್ಲ. ಬಡಾವಣೆಯಲ್ಲಿ ಹಾಗಲ್ಲ. “ಕಲ್ಕೆರೆ ರಸ್ತೆಯ ಗುಂಡಿ ಮುಚ್ಚಿಸಿದ ಯುವ ನಾಯಕ” ಎಂಬ ಸುದ್ದಿ ಬೆಳಿಗ್ಗೆ ಬಂದರೆ, ಓದಿದವರು ಕಚೇರಿಗೆ ಹೊರಟಾಗ ಅದೇ ಗುಂಡಿಯಲ್ಲಿ ಗಾಡಿ ಇಳಿಸಿರುತ್ತಾರೆ. ಸಂಜೆಯೊಳಗೆ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ನಾಯಕ ನಗೆಪಾಟಲು. ಪ್ರಕಟಿಸಿದ ತಾಣದ ಗತಿಯೂ ಅದೇ.

‘ಜಾಹೀರಾತು’ ಎಂದು ಹಣೆಪಟ್ಟಿ ಹಚ್ಚಿದರೆ ಯಾರು ಓದುತ್ತಾರೆ ಎಂದು ಕೇಳುವವರಿದ್ದಾರೆ. ಕಡಿಮೆ ಜನ ಓದಬಹುದು, ನಿಜ. ಆದರೆ ಹೊರಮಾವಿನ ಬೇಕರಿಗೆ ಲಕ್ಷ ಜನ ಓದಬೇಕಾಗಿಲ್ಲ. ನಡೆದು ಬರುವಷ್ಟು ದೂರದ ಕೆಲವು ನೂರು ಮನೆ ಸಾಕು. ಅಷ್ಟಕ್ಕೂ ಸಾಮಾಜಿಕ ಜಾಲತಾಣದ ಇನ್‌ಫ್ಲುಯೆನ್ಸರುಗಳು ಕಾಸು ಪಡೆದು ಹೊಗಳಿದರೆ ಹಾಗೆಂದು ಹೇಳಲೇಬೇಕು ಎಂದು ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆಯೇ 2021ರಲ್ಲಿ ಸೂಚಿಸಿದೆ. ಇನ್ನು ಕೆಲವರು, ಗೂಗಲ್ ಮ್ಯಾಪ್ ಇರುವಾಗ ಸುದ್ದಿತಾಣ ಯಾಕೆ ಎನ್ನುತ್ತಾರೆ. ಮ್ಯಾಪು ಅಂಗಡಿ ಎಲ್ಲಿದೆ ಎಂದು ತೋರಿಸುತ್ತದೆ. ಒಳಗಿರುವವರಿಗೆ ಕೆಲಸ ಗೊತ್ತೇ ಎಂಬುದಕ್ಕೆ ಕೊಂಡುತಂದ ನಕ್ಷತ್ರಗಳನ್ನೂ ತೋರಿಸಬಲ್ಲದು.

ಗಟ್ಟಿಯಾದ ಆಕ್ಷೇಪ ತಾಣ ನಡೆಸುವವರದು: ಕಾಸು ಬರುವುದೇ ಇಂಥ ‘ಸುದ್ದಿ’ಯಿಂದ, ಅದನ್ನು ಬಿಟ್ಟರೆ ಬಾಗಿಲು ಹಾಕಬೇಕು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಎಒಎಲ್ ಸಂಸ್ಥೆ 2009ರಲ್ಲಿ ಕೊಂಡ ಪ್ಯಾಚ್ ಎಂಬ ಬಡಾವಣೆ ಸುದ್ದಿತಾಣಗಳ ಜಾಲ ನೂರಾರು ಊರುಗಳಿಗೆ ಹಬ್ಬಿಯೂ ಸ್ಥಳೀಯ ಜಾಹೀರಾತಿನಿಂದ ಖರ್ಚು ಹುಟ್ಟದೆ 2014ರಲ್ಲಿ ಕೈಬದಲಾಯಿತು. ಆದರೆ ಪಕ್ಕದ ಚೆನ್ನೈಯಲ್ಲಿ 1994ರಲ್ಲಿ ಹುಟ್ಟಿದ ಮೈಲಾಪುರ್ ಟೈಮ್ಸ್ ಪತ್ರಿಕೆ ಮನೆಮನೆಗೆ ಪುಕ್ಕಟೆ ಹಂಚುತ್ತ, ಸುತ್ತಲಿನ ಅಂಗಡಿಗಳ ಜಾಹೀರಾತನ್ನೇ ನಂಬಿ ದಶಕಗಳಿಂದ ನಡೆದಿದೆ. ಅಲ್ಲಿ ಕಚೇರಿ ಹತ್ತಿರ, ಖರ್ಚು ಸಣ್ಣದು, ಜಾಹೀರಾತು ಜಾಹೀರಾತಾಗಿಯೇ ಇರುತ್ತದೆ. ಹೊರಮಾವಿನಲ್ಲಿ ಇಂಥದು ನೆಲೆ ನಿಲ್ಲಬೇಕಾದರೆ ಇಂಗ್ಲಿಷ್ ಒಂದೇ ಸಾಲದು. ಅಪಾರ್ಟ್‌ಮೆಂಟಿನವರು ಇಂಗ್ಲಿಷಿನಲ್ಲಿ ಓದಿಯಾರು. ಹೊರಮಾವು ಅಗರದ ಹಳೆಯ ಮನೆಗಳವರಿಗೆ, ಗಾಡಿಯಲ್ಲಿ ತರಕಾರಿ ಮಾರುವವರಿಗೆ ಕನ್ನಡ ಬೇಕು. ಜೊತೆಗೆ ದರಪಟ್ಟಿ ತಾಣದಲ್ಲೇ ಎಲ್ಲರಿಗೂ ಕಾಣುವಂತಿರಲಿ, ವಾರ್ಡಿನ ಆಕಾಂಕ್ಷಿಗೂ ಇಡ್ಲಿ ಹೋಟೆಲಿನವರಿಗೂ ಒಂದೇ ದರ ಇರಲಿ. ಚುನಾವಣೆ ಘೋಷಣೆಯಾದ ದಿನದಿಂದ ಯಾರು ಎಷ್ಟು ಕೊಟ್ಟರು ಎಂಬುದನ್ನೂ ಅದೇ ಪುಟದಲ್ಲಿ ಹಾಕಲಿ.