ನಂಬರ್ ನಿಮ್ಮದು! ಕಂಪನಿಯ ಜೀತ ಯಾಕೆ?

ಸಿಗ್ನಲ್ ಸಿಗದೆ ಕಿಟಕಿಗೆ ನೇತಾಡುತ್ತೀರಿ. ಮಾತಿನ ಮಧ್ಯೆ ಲೈನ್ ಕಟ್ಟಾದರೆ ಹಲ್ಲು ಕಡಿಯುತ್ತೀರಿ. ರೀಚಾರ್ಜ್ ದರ ಏರಿದ ದಿನ ಟೀ ಅಂಗಡಿ ಮುಂದೆ ನಿಂತು ಕಂಪನಿಯ ಜನ್ಮ ಜಾಲಾಡುತ್ತೀರಿ. ಆಮೇಲೆ? ಅದೇ ಸಿಮ್, ಅದೇ ಕಂಪನಿ, ಅದೇ ರೀಚಾರ್ಜ್! ಯಾಕಪ್ಪಾ ಎಂದರೆ, "ಯಾರಿಗೆ ಬೇಕು ಆ ರಗಳೆ, ಬಿಡಣ್ಣ" ಎನ್ನುತ್ತೀರಿ. ನಿಮ್ಮ ಈ "ಬಿಡಣ್ಣ" ಇದೆಯಲ್ಲ, ಕಂಪನಿಗಳ ನಿಜವಾದ ಬಂಡವಾಳ ಅದೇ.

ನಾನು ಪಿಯುಸಿ ಓದಿ ಪ್ರೆಸ್ ಹಾಕಿದವನು. ನಂಬರ್ ಎಂದರೆ ಏನು ಎಂದು ನನಗೆ ಗೊತ್ತು. ಇಪ್ಪತ್ತು ವರ್ಷದಿಂದ ನಾನು ಹೊಡೆದ ಪ್ರತಿ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ನನ್ನ ನಂಬರ್ ಇದೆ. 2011ಕ್ಕೆ ಮುಂಚೆ ಗಿರಾಕಿ ಕಂಪನಿ ಬದಲಿಸಿದರೆ ನಂಬರೂ ಹೋಗುತ್ತಿತ್ತು. ವಿಸಿಟಿಂಗ್ ಕಾರ್ಡ್, ಬಿಲ್ ಬುಕ್, ಲೆಟರ್‌ಹೆಡ್ ಎಲ್ಲಾ ರದ್ದಿಗೆ! ಹೊಸದು ಹೊಡೆಸಲು ನನ್ನ ಹತ್ತಿರವೇ ಬರಬೇಕು. ಸುಳ್ಳು ಯಾಕೆ, ಆ ಕಾಸು ನಾನೂ ತಿಂದಿದ್ದೇನೆ.

2010ರ ನವೆಂಬರ್ 25ರಂದು ಹರಿಯಾಣದಲ್ಲಿ, 2011ರ ಜನವರಿ 20ರಂದು ಇಡೀ ದೇಶದಲ್ಲಿ ಆ ಬೇಡಿ ಕಳಚಿತು. ನಂಬರ್ ಉಳಿಸಿಕೊಂಡೇ ಕಂಪನಿ ಬಿಡಬಹುದು ಎಂದಾಯಿತು. 2015ರ ಜುಲೈನಿಂದ ರಾಜ್ಯ ಬದಲಿಸಿದರೂ ಸರಿ, ಹುಬ್ಬಳ್ಳಿಯ ನಂಬರ್ ಹಿಡಿದುಕೊಂಡೇ ಪುಣೆಗೆ ಹೋಗಬಹುದು. ನನ್ನ ರೀಪ್ರಿಂಟ್ ಆರ್ಡರ್ ಬಿದ್ದುಹೋಯಿತು. ಬೀಳಲಿ ಬಿಡಿ!

ಕಂಪನಿಗೆ ನಿಷ್ಠೆಯಂತೆ. ಯಾವ ಕಂಪನಿಗೆ? ಸ್ಪೈಸ್ ಹೋಗಿ ಐಡಿಯಾ ಆಯಿತು. ಹಚ್ ಹೋಗಿ ವೊಡಾಫೋನ್ ಆಯಿತು. 2018ರಲ್ಲಿ ಅವೆರಡೂ ಒಂದಾಗಿ, 2020ರಲ್ಲಿ ವಿ ಎಂದು ಬೋರ್ಡ್ ಬದಲಿಸಿಕೊಂಡವು. ಅದೇ 2018ರಲ್ಲಿ ಏರ್‌ಸೆಲ್ ದಿವಾಳಿ ಎಂದು ಕೈಯೆತ್ತಿತು. ಅವರು ಹೆಸರು ಬದಲಿಸುವಾಗ ನಿಮ್ಮನ್ನು ಕೇಳಿದ್ದರೇ?

ಇನ್ನೊಂದು ಆಟ ಕೇಳಿ. ನೆಟ್‌ವರ್ಕ್ ಬಿಡಬೇಕಾದರೆ 1900ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು ತಾನೇ? ಕಡಿಮೆ ದರದ ಕೆಲವು ಪ್ಲಾನ್‌ಗಳಲ್ಲಿ ಎಸ್ಸೆಮ್ಮೆಸ್ಸೇ ಇಲ್ಲದಂತೆ ಮಾಡಿದರು! ಬಾಗಿಲು ಇದೆ, ಹಿಡಿ ಇಲ್ಲ. ಬಡವನೇ ಒಳಗೆ ಸಿಕ್ಕಿಕೊಂಡ. ಯಾವ ಪ್ಲಾನ್ ಇದ್ದರೂ 1900ಕ್ಕೆ ಎಸ್ಸೆಮ್ಮೆಸ್ ಹೋಗಲೇಬೇಕು ಎಂದು 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಹೊರಡಿಸಬೇಕಾಯಿತು. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ಬೆನ್ನುಬೆನ್ನಿಗೆ ದರ ಏರಿಸಿದಾಗ ಲಕ್ಷಾಂತರ ಜನ ಇದೇ ಬಾಗಿಲಿನಿಂದ ಬಿಎಸ್ಸೆನ್ನೆಲ್ ಕಡೆ ನಡೆದರು.

ಈಗ ನನ್ನ ಕಥೆ. ಕಂಪನಿಯ ಹೆಸರು ಬೇಡ, ಎಲ್ಲರದೂ ಅದೇ ಬುದ್ಧಿ. ಪ್ರೆಸ್ಸಿನ ಒಳಗೆ ಸಿಗ್ನಲ್ ಇಲ್ಲ. ಪ್ರೂಫ್ ಕೇಳಲು ಹತ್ತು ಸಲ ಫೋನ್ ಮಾಡಿದ ಗಿರಾಕಿ ಬೇಸತ್ತು ಬೇರೆ ಪ್ರೆಸ್ಸಿಗೆ ಕೊಟ್ಟ. ಕಸ್ಟಮರ್ ಕೇರ್‌ಗೆ ಮಾಡಿದೆ. ಭಾಷೆ ಆರಿಸುವುದೇ ಮೊದಲ ಹಂತ ಎಂದು ಟ್ರಾಯ್‌ನ 2012ರ ನಿಯಮದಲ್ಲೇ ಇದೆ. ಕನ್ನಡ ಒತ್ತಿದೆ. ಎತ್ತಿದವನು ಹಿಂದಿ! ಇನ್ನೊಂದು ಸಲ ಒತ್ತಿದೆ, ಮತ್ತೆ ಹಿಂದಿ. ಮೂರನೇ ಸಲ ಅವನು "ಹಿಂದಿಯಲ್ಲಿ ಹೇಳಿ, ಇಲ್ಲವೇ ಇಡಿ" ಎಂದ, ಹಿಂದಿಯಲ್ಲೇ. ಇಟ್ಟೆ. ಇಟ್ಟು 1900ಕ್ಕೆ ಎಸ್ಸೆಮ್ಮೆಸ್ ಹಾಕಿದೆ.

ಮರುದಿನ ಬೆಳಗ್ಗೆಯೇ ಫೋನ್. "ನಮಸ್ಕಾರ ಸರ್, ನಮ್ಮನ್ನು ಬಿಟ್ಟು ಯಾಕೆ ಹೋಗ್ತಾ ಇದ್ದೀರಿ? ನಿಮಗಾಗಿ ವಿಶೇಷ ಆಫರ್ ಇದೆ." ಅಚ್ಚ ಕನ್ನಡ! ಮಂಡ್ಯದ ಹುಡುಗಿ ಇರಬೇಕು, ಪಾಪ, ಅವಳದೇನು ತಪ್ಪು? ಅಂದರೆ ಇವರ ಹತ್ತಿರ ಕನ್ನಡ ಇದೆ. ದೂರು ಹೇಳುವವನಿಗೆ ಇಲ್ಲ, ಬಿಟ್ಟು ಹೊರಟವನಿಗೆ ಮಾತ್ರ ಇದೆ!

ಗೆಳೆಯರೇ, ಇದಕ್ಕೆ ಮೆರವಣಿಗೆ ಬೇಕಿಲ್ಲ. ಆ ನೆಟ್‌ವರ್ಕಿಗೆ ಬಂದು 90 ದಿನ ಆಗಿರಬೇಕು, ಬಿಲ್ ಬಾಕಿ ಇರಬಾರದು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿ. ಎಂಟು ಅಕ್ಷರ-ಅಂಕಿಯ ಕೋಡ್ ಬರುತ್ತದೆ, ನಾಲ್ಕೇ ದಿನ ಅದರ ಆಯಸ್ಸು. ಅಷ್ಟರಲ್ಲಿ ಹೊಸ ಕಂಪನಿಯ ಅಂಗಡಿಗೆ ಗುರುತಿನ ಚೀಟಿ ಹಿಡಿದು ಹೋಗಿ. ರಾಜ್ಯದೊಳಗಾದರೆ ಮೂರು ಕೆಲಸದ ದಿನದಲ್ಲಿ ಮುಗಿಯಿತು. ಹಳೇ ಸಿಮ್ಮಿನ ಉಳಿಕೆ ಹಣ ಹೋಗುತ್ತದೆ, ಅದನ್ನು ಮುಗಿಸಿಯೇ ಹೊರಡಿ.

ಎಚ್ಚರ! ಆ ಕೋಡ್ ಯಾರಿಗೂ ಫೋನಿನಲ್ಲಿ ಹೇಳಬೇಡಿ. ನಂಬರ್ ಹಾರಿಸಿದವನ ಕೈಗೆ ನಿಮ್ಮ ಬ್ಯಾಂಕಿನ ಓಟಿಪಿಯೂ ಹೋಗುತ್ತದೆ. ಸಿಮ್ ಬದಲಿಸಿ ಏಳು ದಿನದೊಳಗೆ ಪೋರ್ಟ್ ಕೋಡ್ ಕೊಡಬಾರದು ಎಂದು 2024ರ ಜುಲೈನಿಂದ ನಿಯಮ ಬಂದಿದ್ದು ಇಂಥ ಕಳ್ಳರಿಗಾಗಿಯೇ. ಹೊಸ ಕಂಪನಿಯನ್ನೂ ಕುರುಡಾಗಿ ನಂಬಬೇಡಿ. ಸ್ನೇಹಿತನ ಫೋನ್ ತಂದು ನೀವು ಮಲಗುವ ಕೋಣೆಯಲ್ಲಿ, ಕೆಲಸದ ಜಾಗದಲ್ಲಿ ಹಿಡಿದು ನೋಡಿ. ಅವರ ಕಸ್ಟಮರ್ ಕೇರ್‌ಗೂ ಮೊದಲೇ ಒಂದು ಫೋನ್ ಹಾಕಿ, ಕನ್ನಡ ಒತ್ತಿ, ಎತ್ತುವವನು ಏನು ಮಾತಾಡುತ್ತಾನೆ ಕೇಳಿ.

ನಾನು ಹಾಗೆ ನೋಡಿಯೇ ಬದಲಿಸಿದೆ. ಈಗ ಪೇಪರ್ ರ‍್ಯಾಕಿನ ಹಿಂದೆ ನಿಂತರೂ ಗಂಟೆ ಬಾರಿಸುತ್ತದೆ. ಹತ್ತು ವರ್ಷದ ಹಿಂದಿನ ಲಗ್ನಪತ್ರಿಕೆ ನೋಡಿ ಮೊನ್ನೆ ಒಬ್ಬರು ಫೋನ್ ಮಾಡಿದರು, ಮಗುವಿನ ನಾಮಕರಣದ ಕಾರ್ಡಿಗೆ. ಹೊಸ ಕಂಪನಿಯವರು ಇದುವರೆಗೆ ಕನ್ನಡದಲ್ಲೇ ಮಾತಾಡಿದ್ದಾರೆ. ಆದರೂ ಪ್ರೆಸ್ಸಿನ ಗೋಡೆಯ ಕ್ಯಾಲೆಂಡರಿನಲ್ಲಿ ತೊಂಬತ್ತನೇ ದಿನಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದೇನೆ.