ಪೆಡಲ್ ಸೆಟ್ ತರುವ ಮುನ್ನ ಅಳತೆ ನೋಡಿ

ಸೋದರಿಯರೇ, ಅಳತೆ ಕೊಡದೆ ರವಿಕೆ ಹೊಲಿಸುವವರುಂಟೇ? ಸೈಕಲ್ ವಿಷಯದಲ್ಲಿ ನಾನು ಹಾಗೇ ಮಾಡಿದೆ.

2006-07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ದೊಡ್ಡ ಮಗಳಿಗೆ ಎಂಟನೇ ತರಗತಿಯಲ್ಲಿ ಸಿಕ್ಕಿದ್ದ ಸೈಕಲ್ ಈಗ ಚಿಕ್ಕವಳದು. ಹಳೇದಾಗಿ ಕ್ರ್ಯಾಂಕ್ ಲಟಲಟ ಅನ್ನುತ್ತಿತ್ತು. ಹಾಲಿನ ದುಡ್ಡು ಕೊಟ್ಟು, ಯಜಮಾನರ ಕೈಲಿ ಹೊಸಕೋಟೆಯಿಂದ ಹೊಸ ಸೆಟ್ ತರಿಸಿದೆ. ಜಡಿಗೇನಹಳ್ಳಿಗೆ ತಂದು ನೋಡಿದರೆ ಕೂರಲೇ ಇಲ್ಲ! ಮೂರು ದಿನ ಮಗಳು ನಡೆದೇ ಶಾಲೆಗೆ ಹೋದಳು. ಸಂಜೆ ಕತ್ತಲಾದರೆ ನನ್ನ ಜೀವ ಬಾಗಿಲಲ್ಲೇ.

ನೀವು ಹೀಗೆ ಮಾಡಿ. ಮೊದಲು ಕ್ರ್ಯಾಂಕಿನ ಬುಡ ನೋಡಿ. ಅಡ್ಡಕ್ಕೆ ಕಾಟರ್ ಪಿನ್ ಬಡಿದಿದ್ದರೆ ಆಕ್ಸಲ್ ತುದಿ ದುಂಡಗಿರುತ್ತೆ. ಪಿನ್ ಇಲ್ಲದೆ ನಡುವೆ ಬೋಲ್ಟ್ ಇದ್ದರೆ ಸಾಮಾನ್ಯವಾಗಿ ಚೌಕ. ಒಂದರದ್ದು ಇನ್ನೊಂದಕ್ಕೆ ಬರೋದಿಲ್ಲ. ನಮ್ಮದು ಪಿನ್ನಿನದು, ತಂದದ್ದು ಚೌಕದ್ದು!

ಎರಡನೆಯದು, ಫ್ರೇಮಿನಲ್ಲಿ ಆಕ್ಸಲ್ ಕೂರುವ ಕೊಳವೆ. ಅದರ ಅಗಲವನ್ನು ಎಡದಿಂದ ಬಲಕ್ಕೆ ಸ್ಕೇಲಿನಲ್ಲಿ ಅಳೆಯಿರಿ. ಹೆಚ್ಚಾಗಿ 68 ಮಿಲಿಮೀಟರ್, ದಪ್ಪ ಟಯರಿನ ಕೆಲವು ಗೇರ್ ಸೈಕಲಿಗೆ 73. ಆಕ್ಸಲ್ ಉದ್ದವೂ ಹಳೆಯದರಷ್ಟೇ ಇರಲಿ.

ಮೂರನೆಯದು, ಜೋಡಿಸಿದ ಮೇಲೆ ಪೆಡಲನ್ನು ಕೈಯಲ್ಲಿ ತಿರುಗಿಸಿ. ಚೈನ್ ವೀಲಾಗಲಿ ಕ್ರ್ಯಾಂಕಾಗಲಿ ಫ್ರೇಮಿಗೆ ತಾಗಬಾರದು. ಗೇರ್ ಇಲ್ಲದ ಸೈಕಲಾದರೆ ಹಿಂದಿನಿಂದ ಬಗ್ಗಿ ನೋಡಿ, ಚೈನು ನೆಟ್ಟಗೆ ಒಂದೇ ಗೆರೆಯಲ್ಲಿರಬೇಕು. ಸೊಟ್ಟಗಿದ್ದರೆ ಹಲ್ಲು ಬೇಗ ಸವೆಯುತ್ತೆ, ಚೈನೂ ಕಳಚುತ್ತೆ.

ಎಲ್ಲಕ್ಕಿಂತ ಸುಲಭವೆಂದರೆ ಹಳೆಯ ಸೆಟ್ಟನ್ನು ಆಕ್ಸಲ್ ಸಮೇತ ಬಿಚ್ಚಿಸಿ, ಚೀಲದಲ್ಲಿಟ್ಟು ಅಂಗಡಿಗೆ ಒಯ್ಯುವುದು. ನಾಲ್ಕನೇ ದಿನ ನಾನೇ ಹಾಗೆ ಹೋಗಿ ಬದಲಾಯಿಸಿಕೊಂಡು ಬಂದೆ. ಬಿಚ್ಚುವುದು ಮೆಕ್ಯಾನಿಕ್ ಕೆಲಸ, ಅಳತೆ ನೋಡುವುದು ನಮ್ಮದು. ಏನಂತೀರಿ?