ಕ್ಷಯದ ಲಸಿಕೆಯೂ ಮೂತ್ರಕೋಶದ ಅರ್ಬುದವೂ

ನಾಸಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳ ಎಡತೋಳನ್ನು ನೋಡಿದರೆ, ಹೆಚ್ಚಿನವರಲ್ಲಿ ಒಂದು ಪುಟ್ಟ ಕಲೆ ಕಾಣುತ್ತದೆ. ಹುಟ್ಟಿದ ಕೂಡಲೇ ಹಾಕಿಸುವ ಬಿ.ಸಿ.ಜಿ. ಲಸಿಕೆಯ ಗುರುತು ಅದು. ಕ್ಷಯವನ್ನು ತಡೆಯಲೆಂದು ಕೊಡುವ ಈ ಲಸಿಕೆಯ ಜೀವಂತ ಸೂಕ್ಷ್ಮಾಣುಗಳನ್ನೇ ಮೂತ್ರಕೋಶದ ಅರ್ಬುದಕ್ಕೆ ಔಷಧವಾಗಿ ಬಳಸುತ್ತಾರೆಂಬ ಸಂಗತಿ ಮಾತ್ರ ಬಹುಮಂದಿಗೆ ತಿಳಿಯದು. ತಿಳಿಯದಿದ್ದರೆ ನಷ್ಟವೇನು ಎಂದು ಕೇಳಬಹುದು. ಏತಕ್ಕೆ ಕೊಡುತ್ತಾರೆಂಬುದನ್ನರಿಯದೆ ಅರ್ಧಕ್ಕೇ ಚಿಕಿತ್ಸೆಯನ್ನು ಕೈಬಿಟ್ಟವನಿಗೆ ಆ ನಷ್ಟ ಸಣ್ಣದಲ್ಲ.

ರೋಗಾಣುವಿನಿಂದ ರೋಗವನ್ನು ಹೊಡೆಯುವ ವಿಚಾರ ಹೊಸದೇನಲ್ಲ. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಕತ್ತಿನ ಗೆಡ್ಡೆಯಿಂದ ನರಳುತ್ತಿದ್ದ ರೋಗಿಯೊಬ್ಬನು ಚರ್ಮದ ಸೋಂಕೊಂದು ತಗುಲಿ ಜ್ವರದಲ್ಲಿ ಬೆಂದ ಮೇಲೆ ಗುಣಹೊಂದಿದ ವೃತ್ತಾಂತವನ್ನು ಹಳೆಯ ದಾಖಲೆಗಳಲ್ಲಿ ಕಂಡು, 1891ರಲ್ಲಿ ಆ ಸೋಂಕಿನ ಸೂಕ್ಷ್ಮಾಣುಗಳನ್ನೇ ಗೆಡ್ಡೆಗೆ ಚುಚ್ಚಿ ನೋಡಿದನು. ಕೆಲವರು ಗುಣವಾದರು, ಸೋಂಕಿನಿಂದಲೇ ಸತ್ತವರೂ ಉಂಟು. ಮುಂದೆ ಕ್ಷಕಿರಣ ಚಿಕಿತ್ಸೆಯ ಅಬ್ಬರದಲ್ಲಿ ಕೋಲಿಯ ಮಾತು ಮರೆಯಾಯಿತು.

ಬಿ.ಸಿ.ಜಿ.ಯ ಕಥೆ ಬೇರೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು 1908ರಿಂದ 13 ವರ್ಷಗಳ ಕಾಲ ದನದ ಕ್ಷಯಾಣುವನ್ನು ಮರಳಿ ಮರಳಿ ಬೆಳೆಸಿ, ಅದರ ವಿಷವನ್ನು ಇಳಿಸಿ, 1921ರಲ್ಲಿ ಮನುಷ್ಯರಿಗೆ ಮೊದಲ ಬಾರಿ ಕೊಟ್ಟರು. ಭಾರತದಲ್ಲಿ ಇದರ ತಯಾರಿಕೆ 1948ರಲ್ಲಿ ಮದರಾಸಿನ ಗಿಂಡಿಯಲ್ಲಿ ಆರಂಭವಾಯಿತು. ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯುವ ಪರೀಕ್ಷೆಯಲ್ಲಿ, ಚೆಂಗಲ್ಪಟ್ಟಿನ ಹಳ್ಳಿಗಳಲ್ಲಿ 1968ರಲ್ಲಿ ಆರಂಭವಾದ ದೊಡ್ಡ ಪ್ರಯೋಗದಲ್ಲಿ, ಈ ಲಸಿಕೆ ಸೋತಿತು. ಎಳೆಯ ಮಕ್ಕಳ ಭೀಕರ ಕ್ಷಯಕ್ಕೆ ಮಾತ್ರ ಅದರ ರಕ್ಷೆ ಉಳಿದಿದೆ. ಹುಟ್ಟಿದ ಕೆಲಸದಲ್ಲಿ ಅರ್ಧ ಸೋತದ್ದು ಮತ್ತೊಂದು ಕೆಲಸದಲ್ಲಿ ಗೆದ್ದಿತೆಂಬುದು ವೈದ್ಯಚರಿತ್ರೆಯ ಸೋಜಿಗಗಳಲ್ಲೊಂದು. ಕೆನಡಾದ ಕಿಂಗ್‌ಸ್ಟನ್ನಿನಲ್ಲಿ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ 9 ಮಂದಿಗೆ ಬಿ.ಸಿ.ಜಿ.ಯನ್ನು ನೇರವಾಗಿ ಮೂತ್ರಕೋಶದೊಳಕ್ಕೆ ಹಾಕಿದ ವರದಿಯನ್ನು ಪ್ರಕಟಿಸಿದರು. ವಾರಕ್ಕೊಂದರಂತೆ ಆರು ವಾರ ಎಂಬ ಕ್ರಮ ಅಲ್ಲಿಂದಲೇ ಬಂದುದು. ಔಷಧ ಆರು ಸೀಸೆಗಳ ಪೆಟ್ಟಿಗೆಯಲ್ಲಿ ಬರುತ್ತಿದ್ದುದೂ ಇದಕ್ಕೊಂದು ಕಾರಣವೆಂದು ವೈದ್ಯರೇ ನಗುತ್ತ ಹೇಳುವುದುಂಟು.

ತೋಳಿಗೆ ಹಾಕಿಸಿಕೊಂಡ ಲಸಿಕೆ ಅರ್ಬುದವನ್ನು ತಡೆಯುತ್ತದೆಂದು ಯಾರೂ ಭಾವಿಸಬಾರದು. ಇಲ್ಲಿನ ಕ್ರಮವೇ ಬೇರೆ. ಅರ್ಬುದವು ಮೂತ್ರಕೋಶದ ಸ್ನಾಯುವಿಗೆ ಇಳಿಯದೆ ಒಳಪೊರೆಯಲ್ಲೇ ಇರುವಾಗ, ಮೊದಲು ದೂರ್ಬೀನಿನ ಮೂಲಕ ಅದನ್ನು ಕೆರೆದು ತೆಗೆಯುತ್ತಾರೆ. ಗಾಯ ಮಾಯಲು ಕೆಲವು ವಾರ ಬಿಟ್ಟು, ತೆಳುವಾದ ನಳಿಗೆಯಿಂದ ಬಿ.ಸಿ.ಜಿ.ಯನ್ನು ಒಳಕ್ಕೆ ಬಿಡುತ್ತಾರೆ. ರೋಗಿ ಎರಡು ಗಂಟೆ ಮೂತ್ರವನ್ನು ತಡೆದಿರಬೇಕು. ಸೂಕ್ಷ್ಮಾಣುಗಳು ಒಳಪೊರೆಗೆ ಅಂಟುತ್ತಲೇ, ಶತ್ರು ಬಂದನೆಂದು ದೇಹದ ಕಾವಲು ಪಡೆ ಎಚ್ಚರಗೊಳ್ಳುತ್ತದೆ. ಬಿಳಿಯ ರಕ್ತಕಣಗಳು ಮುತ್ತುತ್ತವೆ. ಅದುವರೆಗೆ ಸ್ವಂತದವರಂತೆ ವೇಷ ಹಾಕಿ ಅಡಗಿದ್ದ ಅರ್ಬುದದ ಕೋಶಗಳೂ ಆ ಗದ್ದಲದಲ್ಲಿ ಸಿಕ್ಕಿಬೀಳುತ್ತವೆ. ಉರಿಮೂತ್ರ, ಒಂದೆರಡು ದಿನದ ಸಣ್ಣ ಜ್ವರ, ಇವು ಆ ಕಾಳಗದ ಲಕ್ಷಣಗಳು. ಜ್ವರ ಏರಿ ಇಳಿಯದಿದ್ದರೆ, ಚಳಿ ನಡುಕ ಬಂದರೆ, ಕೂಡಲೇ ವೈದ್ಯರನ್ನು ಕಾಣಬೇಕು. ಜೀವಂತ ಸೂಕ್ಷ್ಮಾಣು ರಕ್ತಕ್ಕೆ ಸೇರಿದರೆ ಕ್ಷಯದ ಔಷಧಗಳೇ ಬೇಕಾಗುತ್ತವೆ. ರೋಗನಿರೋಧ ಶಕ್ತಿ ಕುಂದಿದವರಿಗೂ ಸಕ್ರಿಯ ಕ್ಷಯವಿರುವವರಿಗೂ ಇದು ಸಲ್ಲದು. ಮೊಸರಿನಲ್ಲಿಯೂ ಸೂಕ್ಷ್ಮಾಣುಗಳಿವೆಯಲ್ಲ, ಅದೇ ಸಾಲದೇ ಎನ್ನುವವರಿಗೆ ಒಂದು ಮಾತು: ಮೊಸರು ಊಟಕ್ಕೆ ಒಳ್ಳೆಯದು, ಅರ್ಬುದಕ್ಕೆ ಮದ್ದಲ್ಲ.

ಇಷ್ಟಾದರೂ ರೋಗವನ್ನು ಹೊತ್ತಿಗೆ ಸರಿಯಾಗಿ ಗುರುತಿಸದಿದ್ದರೆ ಪ್ರಯೋಜನವಿಲ್ಲ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣುವುದು ಈ ಅರ್ಬುದದ ಮೊದಲ ಕರೆ. ಮನೆಗಳಲ್ಲಿ ಅದಕ್ಕೆ "ಉಷ್ಣವಾಗಿದೆ" ಎಂಬ ತೀರ್ಪು ಸಿದ್ಧವಾಗಿರುತ್ತದೆ. ಬಾರ್ಲಿ ನೀರು, ಎಳನೀರು, ಜೀರಿಗೆ ಕಷಾಯ ಕುಡಿಸುತ್ತಾರೆ. ಎರಡು ದಿನದಲ್ಲಿ ರಕ್ತ ನಿಲ್ಲುತ್ತದೆ. ಕಷಾಯಕ್ಕೆ ಕೀರ್ತಿ ಬರುತ್ತದೆ. ರಕ್ತ ತಾನಾಗಿ ನಿಲ್ಲುವುದೇ ಈ ರೋಗದ ಕುತಂತ್ರ. ಹೆಂಗಸರಲ್ಲಾದರೋ ಮುಟ್ಟಿನ ದೋಷವೆಂದೋ ಮೂತ್ರದ ಸೋಂಕೆಂದೋ ತಿಂಗಳುಗಟ್ಟಲೆ ಕಳೆಯುವುದುಂಟು. ಧೂಮಪಾನಿಗಳಂತೂ ಇನ್ನಷ್ಟು ಎಚ್ಚರದಿಂದಿರಬೇಕು. ಹೊಗೆಯ ವಿಷ ರಕ್ತದಿಂದ ಮೂತ್ರಪಿಂಡಕ್ಕಿಳಿದು, ಮೂತ್ರದೊಡನೆ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತದೆ. ಬೀಡಿಗೆ ಹೆಸರಾದ ಸಿನ್ನರ ನಾಸಿಕದ ಪಕ್ಕದಲ್ಲೇ ಇದೆ ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು.

ಪರಊರಿನಲ್ಲಿ ದುಡಿಯುವ ಕನ್ನಡಿಗನಿಗೆ ಇದರ ಮೇಲೆ ಇನ್ನೊಂದು ತೊಡಕು. ಶಸ್ತ್ರಕ್ರಿಯೆಯೆಂದರೆ ಬಂಧುಗಳಿರುವ ಹುಬ್ಬಳ್ಳಿಗೋ ಬೆಳಗಾವಿಗೋ ಬೆಂಗಳೂರಿಗೋ ಹೋಗುವುದು ಸಹಜವೇ. ಗೆಡ್ಡೆ ತೆಗೆಸಿ, ಹದಿನೈದು ದಿನ ಅಕ್ಕನ ಮನೆಯಲ್ಲಿದ್ದು, ರಜೆ ಮುಗಿಯಿತೆಂದು ನಾಸಿಕಕ್ಕೋ ವಾಳೂಜಿನ ಕಾರ್ಖಾನೆಗೋ ಮರಳುತ್ತಾನೆ. ಇನ್ನು ಆರು ವಾರದ ಬಿ.ಸಿ.ಜಿ. ಎಲ್ಲಿ? ಪ್ರತಿ ವಾರ ಊರಿಗೆ ಹೋಗಲಾಗದು. ಇಲ್ಲಿನ ವೈದ್ಯರ ಕೈಗೆ ಅಂಗಾಂಶ ಪರೀಕ್ಷೆಯ ವರದಿ ತಲುಪಿರುವುದಿಲ್ಲ. ಗೆಡ್ಡೆ ಹೋಯಿತಲ್ಲ ಎಂಬ ಸಮಾಧಾನ ಬೇರೆ. ಆದರೆ ಈ ಅರ್ಬುದ ಮರುಕಳಿಸುವುದರಲ್ಲಿ ಕುಖ್ಯಾತವಾದುದು. ಮೊದಲ ಆರರ ಮೇಲೂ ತಿಂಗಳುಗಳ ಅಂತರದಲ್ಲಿ ಮೂರು ಮೂರು ವಾರ ಮುಂದುವರಿಸಿದರೆ ಫಲ ಹೆಚ್ಚೆಂಬುದನ್ನು ಅಮೆರಿಕದ ಪರೀಕ್ಷೆಯೊಂದು 2000ರಲ್ಲಿ ತೋರಿಸಿದೆ. ಅಪಾಯ ಹೆಚ್ಚಿರುವವರಿಗೆ ಇದು ಮೂರು ವರ್ಷದವರೆಗೂ ನಡೆಯಬಹುದು. ಇದನ್ನು ದೂರದ ಊರಿನಿಂದ ನಡೆಸುವುದು ಯಾರಿಂದಲೂ ಆಗುವ ಕೆಲಸವಲ್ಲ.

ಆದಕಾರಣ ಶಸ್ತ್ರಕ್ರಿಯೆ ಎಲ್ಲಿಯೇ ಆಗಲಿ, ಬಿ.ಸಿ.ಜಿ. ದುಡಿಯುವ ಊರಿನಲ್ಲೇ ದೊರೆಯಬೇಕು. ಔಷಧವನ್ನು ತಯಾರಿಸುವವರಲ್ಲಿ ಒಬ್ಬರಾದ ಸೀರಂ ಇನ್‌ಸ್ಟಿಟ್ಯೂಟ್ ಇರುವುದು ಪುಣೆಯಲ್ಲಿ, ಎರಡೂ ಊರುಗಳಿಂದ ಒಂದು ಹಗಲಿನ ದಾರಿ. ಕೆನಡಾದ ಕಾರ್ಖಾನೆಯೊಂದು 2012ರಲ್ಲಿ ನಿಂತಾಗ ಪಶ್ಚಿಮದ ದೇಶಗಳೇ ಈ ಔಷಧಕ್ಕೆ ಪರದಾಡಿದವು ಎಂಬುದನ್ನು ನೆನೆದರೆ ಈ ಸಾಮೀಪ್ಯದ ಬೆಲೆ ತಿಳಿದೀತು. ಸಂಭಾಜಿನಗರದಲ್ಲಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಿದೆ; ರಾಜ್ಯದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರವೇ ನಾಸಿಕದಲ್ಲಿದೆ. ಬಿ.ಸಿ.ಜಿ.ಗೆ ಬೇಕಾದುದು ಒಂದು ಶೀತಪೆಟ್ಟಿಗೆ, ಒಂದು ನಳಿಗೆ, ಪಳಗಿದ ಕೈ, ವಾರಕ್ಕೊಂದು ನಿಗದಿತ ದಿನ. ಇದಕ್ಕಾಗಿ ಮುಂಬಯಿಯ ರೈಲು ಹಿಡಿಸುವುದು ರೋಗಿಗೆ ಮಾಡುವ ಅನ್ಯಾಯ.

ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವಿದೆ. ಮರಾಠಿ ಬಾರದ ಹಿರಿಯರು ಮೂತ್ರದ ಮಾತನ್ನು ಅಪರಿಚಿತ ವೈದ್ಯನ ಮುಂದೆ, ಅದೂ ಸೊಸೆಯ ಬಾಯಿಂದ, ಹೇಳಿಸಲು ನಾಚುತ್ತಾರೆ. ಭಾಷೆ ಬಲ್ಲ ಸಮವಯಸ್ಕ ಸದಸ್ಯರೊಬ್ಬರು ಜೊತೆಗೆ ಹೋದರೆ ಆ ಸಂಕೋಚ ಅರ್ಧ ಇಳಿಯುತ್ತದೆ. ಊರಿನ ಆಸ್ಪತ್ರೆಯಿಂದ ವರದಿಗಳನ್ನು ತರಿಸಿಡುವುದು, ಆರು ವಾರಗಳ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಬರೆದು ಕೊಡುವುದು, ಔಷಧ ಹಾಕಿಸಿಕೊಂಡ ಮೇಲೆ ಆರು ಗಂಟೆಗಳ ಕಾಲ ಶೌಚಕ್ಕೆ ಬ್ಲೀಚಿಂಗ್ ದ್ರಾವಣ ಸುರಿದು ಕಾಲು ಗಂಟೆ ಬಿಟ್ಟು ನೀರು ಹಾಕಬೇಕೆಂಬುದನ್ನು ಮನೆಯವರಿಗೆ ತಿಳಿಸುವುದು, ಇವೆಲ್ಲ ರಾಜ್ಯೋತ್ಸವದ ಚಪ್ಪರಕ್ಕಿಂತ ಕಡಿಮೆ ಖರ್ಚಿನವು.